ಡ್ರೈಡಾಕ್ ಎರಡು ಸಲ ಎದ್ದ ಕಥೆ

ದುಬೈಯ ರಶೀದ್ ಬಂದರಿನ ಮಗ್ಗುಲಲ್ಲಿ ಎತ್ತರದ ಕ್ರೇನುಗಳು ನಿಂತಿರುವ ಜಾಗವನ್ನು ನಮ್ಮವರು ಡ್ರೈಡಾಕ್ ಎಂದೇ ಕರೆಯುವುದು ವಾಡಿಕೆ. ಹಡಗು ಒಳಬಂದ ಮೇಲೆ ಬಾಗಿಲು ಮುಚ್ಚಿ, ನೀರನ್ನೆಲ್ಲ ಪಂಪಿನಿಂದ ಹೊರಹಾಕಿ, ಹಡಗಿನ ತಳವನ್ನು ರಿಪೇರಿ ಮಾಡುವ ಬೃಹತ್ ಕಟ್ಟೆಗಳು ಅಲ್ಲಿವೆ. ಈ ಸಂಸ್ಥೆ ಎರಡು ಸಲ ಕಷ್ಟಕ್ಕೆ ಸಿಕ್ಕಿ ಎರಡು ಸಲವೂ ಎದ್ದಿತು. ಎದ್ದ ಬಗೆ ಮಾತ್ರ ಬೇರೆ ಬೇರೆ.

ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಅವರು 70ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಅರಬ್ ತೈಲರಾಷ್ಟ್ರಗಳ ಕೂಟ ತನ್ನ ಡ್ರೈಡಾಕಿಗೆ ಬಹರೈನನ್ನು ಆರಿಸಿಕೊಂಡಿತ್ತು. ಅದು 1977ರಲ್ಲಿ ಆರಂಭವಾಯಿತು. ದುಬೈ ಹಟ ಹಿಡಿದು ತಾನೇ ಮೂರು ಕಟ್ಟೆಗಳನ್ನು ಕಟ್ಟಿತು. ಅತಿ ದೊಡ್ಡದು 525 ಮೀಟರ್ ಉದ್ದ, 100 ಮೀಟರ್ ಅಗಲ. ಹತ್ತು ಲಕ್ಷ ಟನ್ನಿನ ತೈಲಹಡಗೂ ಹಿಡಿಯಬೇಕೆಂಬ ಲೆಕ್ಕಾಚಾರ. ಅಂಥ ಹಡಗನ್ನು ಲೋಕದಲ್ಲಿ ಯಾರೂ ಕಟ್ಟಲೇ ಇಲ್ಲ! 1973ರ ತೈಲಬೆಲೆಯ ಏರಿಕೆಯ ತರುವಾಯ ಇದ್ದ ದೊಡ್ಡ ಹಡಗುಗಳೇ ಸರಕಿಲ್ಲದೆ ಲಂಗರು ಹಾಕಿ ನಿಂತವು. 1979ರ ಹೊತ್ತಿಗೆ ಸಿದ್ಧವಾಗಿದ್ದ ಕಟ್ಟೆಗಳು 1983ರವರೆಗೆ ಕೆಲಸ ಕಾಣಲಿಲ್ಲ.

ಆಮೇಲೆ ಕೆಲಸ ತಂದುಕೊಟ್ಟದ್ದು ಯುದ್ಧ. ಇರಾನ್-ಇರಾಕ್ ಕದನದಲ್ಲಿ 1984ರಿಂದ ತೈಲಹಡಗುಗಳ ಮೇಲೆ ದಾಳಿ ಹೆಚ್ಚಿತು. ಪೆಟ್ಟು ತಿಂದವು ಹತ್ತಿರದ ದುಬೈಗೆ ಬಂದವು. 1988ರ ಏಪ್ರಿಲಿನಲ್ಲಿ ಸಮುದ್ರ ಸಿಡಿಗುಂಡಿಗೆ ಸಿಕ್ಕಿ ಬೆನ್ನೆಲುಬು ಮುರಿದುಕೊಂಡ ಅಮೆರಿಕದ ಯುದ್ಧನೌಕೆ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ತಾತ್ಕಾಲಿಕ ರಿಪೇರಿ ಕಂಡದ್ದು ಇಲ್ಲಿಯೇ. ಪರರ ಸಂಕಟ ತನಗೆ ಸಂಪಾದನೆಯಾಯಿತೆಂದು ಹಂಗಿಸುವವರಿದ್ದಾರೆ. ಆದರೆ ಕಟ್ಟೆ ಮೊದಲೇ ಸಿದ್ಧವಿರದಿದ್ದರೆ ಆ ಹಡಗುಗಳು ಎಲ್ಲಿಗೆ ಹೋಗಬೇಕಿತ್ತು?

ಎರಡನೆಯ ಸಲದ್ದು ಸ್ವಯಂಕೃತ. ಡ್ರೈಡಾಕ್ಸ್ ವರ್ಲ್ಡ್ ಎಂಬ ಹೊಸ ಹೆಸರಿನಲ್ಲಿ ಸಂಸ್ಥೆ 2007-08ರಲ್ಲಿ ಸಿಂಗಪುರದ ಪ್ಯಾನ್-ಯುನೈಟೆಡ್ ಮರೀನ್, ಲ್ಯಾಬ್‌ರಾಯ್ ಮರೀನ್‌ಗಳನ್ನು ಕೊಂಡುಕೊಂಡಿತು. ಆ ವೇಳೆಗೆ ಲೋಕದ ಹಣಕಾಸು ಕುಸಿಯಿತು. ಒಡೆಯ ಸಂಸ್ಥೆಯಾದ ದುಬೈ ವರ್ಲ್ಡ್ 2009ರ ನವೆಂಬರ್ 25ರಂದು ಸಾಲ ತೀರಿಸಲು ವಾಯಿದೆ ಕೇಳಿತು. ಡಿಸೆಂಬರಿನಲ್ಲಿ ಅಬುಧಾಬಿ 1,000 ಕೋಟಿ ಡಾಲರು ನೀಡಿತು. (ಬುರ್ಜ್ ದುಬೈ ಎಂದಿದ್ದ ಗೋಪುರ ಮರುತಿಂಗಳು ಬುರ್ಜ್ ಖಲೀಫಾ ಆದದ್ದು ಎಲ್ಲರಿಗೂ ತಿಳಿದದ್ದೇ.) ಡ್ರೈಡಾಕಿನ ತಲೆಯ ಮೇಲೆ 220 ಕೋಟಿ ಡಾಲರಿನ ಸಾಲವಿತ್ತು. ಇಂಥ ಕಾಲದಲ್ಲಿ ಸಹಿ ಹಾಕಿದವರಿಗಿಂತ ಮೊದಲು ಚಿಂತೆಗೆ ಬೀಳುವವನು ವೀಸಾ ರದ್ದಾದೀತೆಂದು ಹೆದರುವ ವೆಲ್ಡರು.

2012ರ ಏಪ್ರಿಲಿನಲ್ಲಿ ಸಂಸ್ಥೆ 2009ರ 57ನೇ ಆಜ್ಞೆಯಂತೆ ರಚಿತವಾದ ವಿಶೇಷ ನ್ಯಾಯಮಂಡಲಿಯ ಮೊರೆಹೋಯಿತು. ಸಾಲ ಕೊಟ್ಟವರಲ್ಲಿ ಬಹುಪಾಲು ಜನ ಒಪ್ಪಿದರು. ಒಬ್ಬ ಮಾತ್ರ ಲಂಡನ್ನಿನಲ್ಲಿ ದಾವೆ ಹೂಡಿದ್ದ. ಬಹುಮತದ ಒಪ್ಪಂದ ಎಲ್ಲರನ್ನೂ ಕಟ್ಟಿಹಾಕುವಂತೆ ಮಾಡುವುದು ಆ ಆಜ್ಞೆಯ ಬಲ. ಆಗಸ್ಟಿನಲ್ಲಿ ಮಂಜೂರಾತಿ ಸಿಕ್ಕಿತು.

ಆ ನಡುವೆಯೂ ಕಟ್ಟೆಗಳಲ್ಲಿ ಕೆಲಸ ನಿಂತಿರಲಿಲ್ಲ. ಸಮುದ್ರದಲ್ಲೇ ಅನಿಲವನ್ನು ದ್ರವವಾಗಿಸುವ ಶೆಲ್ ಕಂಪನಿಯ ‘ಪ್ರೆಲ್ಯೂಡ್’ ಎಂಬ ದೈತ್ಯ ನೌಕೆ ಗಾಳಿ ಬಂದತ್ತ ತಿರುಗಿಕೊಳ್ಳಲು ಆಧಾರವಾದ ಗೋಪುರವನ್ನು, ಹತ್ತು ಸಾವಿರ ಟನ್ನು ಮೀರಿದ್ದನ್ನು, ಇಲ್ಲಿ ತುಂಡುತುಂಡಾಗಿ ತಯಾರಿಸಿ ಕೊರಿಯಕ್ಕೆ ಸಾಗಿಸಲಾಯಿತು. 2017ರ ಕೊನೆಯಲ್ಲಿ ಡಿಪಿ ವರ್ಲ್ಡ್ ಈ ಸಂಸ್ಥೆಯನ್ನು ತನ್ನ ತೆಕ್ಕೆಗೆ ತೆಗೆದುಕೊಳ್ಳುವುದಾಗಿ ಪ್ರಕಟಿಸಿತು.