ಗೇರ್ ಸೈಕಲ್ಲು ಮತ್ತು ಹಲವು ದಿನಗಳ ಓಟ

ಇಲ್ಲಿ ಹೇಳುತ್ತಿರುವ ಗೇರ್ ಸೈಕಲ್ಲು ರಸ್ತೆ ಓಟದ್ದು. ಯುರೋಪಿನ ಪಂದ್ಯಗಳಲ್ಲಿ ರೂಪುಗೊಂಡ ಬಗೆ. ಮೊದಲು ಉಕ್ಕಿನ ಚೌಕಟ್ಟಿತ್ತು. ಆಮೇಲೆ ಅಲ್ಯೂಮಿನಿಯಂ, ಕಾರ್ಬನ್ ನಾರು ಬಂದವು. ಪಾಂಡವಪುರ, ನಾಗಮಂಗಲದ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುತ್ತಿದ್ದ ಸೈಕಲ್ಲಿಗೆ ಗಟ್ಟಿ ಕ್ಯಾರಿಯರ್, ಸ್ಟ್ಯಾಂಡ್ ಬೇಕೇ ಬೇಕಿತ್ತು. ಓಟದ ಸೈಕಲ್ಲಿಗೆ ಎರಡೂ ಇಲ್ಲ. ಹೊರೆ ಕಡಿಮೆಯಾದಷ್ಟೂ ಲಾಭ.

ಹಿಂದಿನ ಚಕ್ರದ ಹಲ್ಲುಗಾಲಿಗಳನ್ನು ನೋಡಿ. ಚೈನು ದೊಡ್ಡ ಗಾಲಿಗೆ ಜಾರಿದರೆ ಪೆಡಲ್ ಹಗುರ, ವೇಗ ಕಡಿಮೆ: ಅದು ಏರಿಗೆ. ಚಿಕ್ಕದು ಸಮತಟ್ಟು ರಸ್ತೆಗೆ, ಇಳಿಜಾರಿಗೆ.

ದಿನಕ್ಕೊಂದು ಹಂತದಂತೆ ಓಡಿ, ಎಲ್ಲ ದಿನಗಳ ಸಮಯ ಕೂಡಿಸಿ ಗೆದ್ದವರನ್ನು ನಿರ್ಧರಿಸುವುದು ಇಂಥ ಸೈಕಲ್ಲುಗಳ ಹಲವು ದಿನಗಳ ಪಂದ್ಯಗಳ ರೀತಿ. ಫ್ರಾನ್ಸಿನ ಪ್ಯಾರಿಸ್–ನೀಸ್ ಓಟವನ್ನು 1933ರಲ್ಲಿ ಆರಂಭಿಸಿದವರು ಪತ್ರಿಕೋದ್ಯಮಿ ಆಲ್ಬೆರ್ ಲಜ್ಯೂನ್. ಮಾರ್ಚಿನ ಚಳಿಯಲ್ಲಿ ಹೊರಟು ಮೆಡಿಟರೇನಿಯನ್ ಕಡಲ ಬಿಸಿಲಿಗೆ ಇಳಿಯುವುದರಿಂದ ‘ಸೂರ್ಯನತ್ತ ಓಟ’ ಎಂದೇ ಹೆಸರು. ಐರ್ಲೆಂಡಿನ ಶಾನ್ ಕೆಲ್ಲಿ 1982ರಿಂದ 1988ರವರೆಗೆ ಸತತ ಏಳು ಬಾರಿ ಗೆದ್ದರು. ಏಳೂ ವರ್ಷ ಒಬ್ಬರೇ!

ನಮ್ಮಲ್ಲಿ ಇಂಥ ಓಟಕ್ಕೆ ಹತ್ತಿರದ್ದು ಟೂರ್ ಆಫ್ ನೀಲಗಿರೀಸ್. ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್ 2008ರ ಡಿಸೆಂಬರಿನಲ್ಲಿ ಆರಂಭಿಸಿತು. ಇದು ಪೂರಾ ಪಂದ್ಯವಲ್ಲ, ಪ್ರವಾಸ. ನಡುವೆ ಕೆಲವು ಭಾಗಗಳಲ್ಲಷ್ಟೇ ಗಡಿಯಾರದ ಲೆಕ್ಕ. ಸವಾರರು ಹೆದರುವುದು ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಗೆ. ಅಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ದೊಡ್ಡ ಹಲ್ಲುಗಾಲಿಯ ಬೆಲೆ ತಿಳಿಯುವುದು ಅಲ್ಲೇ.