ಮಕ್ಕಳ ಹುಳುಕು ಹಲ್ಲು: ಚಿತ್ರದುರ್ಗ ಸೀಮೆಯಲ್ಲಿ ಚಿಕಿತ್ಸೆಯ ಆಯ್ಕೆ

ಮಗುವಿನ ಹುಳುಕು ಹಲ್ಲಿಗೆ ಏನು ಮಾಡಬೇಕೆಂಬುದನ್ನು ದಂತವೈದ್ಯರು ಹುಳುಕಿನ ಆಳವೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಆ ಹಲ್ಲು ಇನ್ನೆಷ್ಟು ವರ್ಷ ಬಾಯಲ್ಲಿರಬೇಕು, ಒಳಗಿನ ನರ ಹೇಗಿದೆ, ಮಗು ಬಾಯಿ ತೆರೆದು ಕೂರುತ್ತದೆಯೇ, ಮನೆಯವರು ಮತ್ತೆ ಮತ್ತೆ ಬರಬಲ್ಲರೇ ಎಂಬುದೂ ಅಷ್ಟೇ ಮುಖ್ಯ. ಚಿತ್ರದುರ್ಗ ಜಿಲ್ಲೆಯಲ್ಲಿ ಇವುಗಳ ಜೊತೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಮನೆಯಲ್ಲಿ ಕುಡಿಯುವ ನೀರು ಯಾವುದು?

1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿದ್ದರೂ ಸುತ್ತಲಿನ ಬಯಲುಸೀಮೆಯ ಅನೇಕ ಹಳ್ಳಿಗಳು ಬಹುಕಾಲ ಕೊಳವೆಬಾವಿಯನ್ನೇ ನೆಚ್ಚಿದ್ದವು. ಬಂಡೆಗಳ ಸಂದಿನಲ್ಲಿ ತಂಗಿದ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಜಿಲ್ಲೆಯ ಹಲವು ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ.

ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್ ಕೆಡುತ್ತದೆ. ಹಲ್ಲು ಹುಟ್ಟುವಾಗಲೇ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಕಲೆ ಹೊತ್ತು ಬರುತ್ತದೆ. ಇದು ದಂತ ಫ್ಲೋರೋಸಿಸ್. ಹಾಲುಹಲ್ಲಿಗಿಂತ ಕಾಯಂ ಹಲ್ಲಿನಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ. ಕಲೆ ಸಾಮಾನ್ಯವಾಗಿ ಎಡಬಲ ಜೋಡಿ ಹಲ್ಲುಗಳೆರಡರಲ್ಲೂ ಇರುತ್ತದೆ. ಹುಳುಕಿನ ಮೊದಲ ಗುರುತಾದ ಸುಣ್ಣದಂಥ ಬಿಳುಪಾದರೋ ವಸಡಿನ ಅಂಚಿನಲ್ಲಿ, ಪಾಚಿ ಕಟ್ಟುವ ಜಾಗದಲ್ಲಿ ಮೂಡುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಇಲ್ಲಿ ವೈದ್ಯರ ಮೊದಲ ಕೆಲಸ, ಏಕೆಂದರೆ ಒಂದೇ ಬಾಯಲ್ಲಿ ಎರಡೂ ಇರಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಮಕ್ಕಳಿಗೆ ನಿಜಕ್ಕೂ ಹಾನಿ ಮಾಡುತ್ತದೆ. ಫ್ಲೋರೈಡ್ ಎಂಬ ಮಾತು ಕಿವಿಗೆ ಬಿದ್ದೊಡನೆ ಪೇಸ್ಟೂ ಬೇಡ, ಲೇಪವೂ ಬೇಡ ಎನ್ನುವ ಪೋಷಕರಿದ್ದಾರೆ. ನುಂಗಿದ ಫ್ಲೋರೈಡ್ ರೂಪುಗೊಳ್ಳುತ್ತಿರುವ ಹಲ್ಲನ್ನು ಕೆಡಿಸಬಲ್ಲದು. ಹೊರಗಿನಿಂದ ಹಚ್ಚಿದ್ದು ಹುಟ್ಟಿದ ಹಲ್ಲನ್ನು ಕಾಯುತ್ತದೆ. ಸಿಹಿಯನ್ನು ತಿಂದ ಬ್ಯಾಕ್ಟೀರಿಯಾಗಳು ಆಮ್ಲ ಬಿಡುಗಡೆ ಮಾಡಿದಾಗ ಎನಾಮಲ್‌ನಿಂದ ಖನಿಜ ಕರಗುತ್ತದೆ, ಜೊಲ್ಲು ಅದನ್ನು ಮರಳಿ ತುಂಬುತ್ತದೆ, ಫ್ಲೋರೈಡ್ ಆ ತುಂಬುವಿಕೆಗೆ ನೆರವಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಮಾತ್ರೆ ರೂಪದ ಫ್ಲೋರೈಡ್ ಕೊಡುವ ಪ್ರಶ್ನೆಯಿಲ್ಲ. ಪೇಸ್ಟನ್ನು ಮಾತ್ರ ಬಿಡಬಾರದು: ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರೇ ಉಜ್ಜಿ ಉಗುಳಿಸಬೇಕು.

ಗುಳಿ ಬೀಳುವ ಮೊದಲೇ ಸಿಕ್ಕ ಹುಳುಕಿಗೆ ಫ್ಲೋರೈಡ್ ವಾರ್ನಿಶ್ ಸಾಕು. ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ, ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಾರೆ. ಗುಳಿ ಬಿದ್ದಿದ್ದು ಮಗು ಇನ್ನೂ ಚಿಕ್ಕದಾಗಿದ್ದರೆ ಸಿಲ್ವರ್ ಡಯಮೈನ್ ಫ್ಲೋರೈಡ್ ಇದೆ. ಶೇ. 38ರ ಈ ದ್ರಾವಣದ ಒಂದೆರಡು ಹನಿ ಹುಳುಕನ್ನು ಅಲ್ಲಿಗೇ ತಡೆಯಬಲ್ಲವು. ಸೂಜಿ ಬೇಡ, ಕೊರೆಯುವುದೂ ಬೇಡ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಹುಳುಕಿದ ಭಾಗ ಕಪ್ಪಗಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ದವಡೆ ಹಲ್ಲಾದರೆ ಹೆಚ್ಚಿನವರು ಒಪ್ಪುತ್ತಾರೆ; ಮುಂದಿನ ಹಲ್ಲಾದರೆ ಹಿಂಜರಿಯುತ್ತಾರೆ. ಹಚ್ಚುವ ಮೊದಲೇ ಕಪ್ಪಾದ ಹಲ್ಲಿನ ಚಿತ್ರ ತೋರಿಸಿ ಕೇಳುವುದು ವೈದ್ಯರ ಕರ್ತವ್ಯ.

ಕರೆಂಟಿಲ್ಲದ ಶಾಲೆಯ ಜಗುಲಿಯಲ್ಲೂ ಮಾಡಬಹುದಾದ ಚಿಕಿತ್ಸೆ ಇನ್ನೊಂದಿದೆ. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದ ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುತ್ತಾರೆ. ಈ ವಿಧಾನ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಆರಂಭವಾಯಿತು. ಅಗಿಯುವ ಮೇಲ್ಮೈಯ ಗುಳಿಗೆ ಇದು ಚೆನ್ನಾಗಿ ನಿಲ್ಲುತ್ತದೆ. ಎರಡು ಹಲ್ಲುಗಳ ಸಂದಿನ ಗುಳಿಯಲ್ಲಿ ಬೇಗ ಕಳಚುತ್ತದೆ. ಅಂಥ ಹಾಲು ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ಮೇಲು. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಹುಳುಕನ್ನು ತೆಗೆಯದೆ ಮೇಲೆಯೇ ಕ್ಯಾಪ್ ಕೂರಿಸಿ ಮುಚ್ಚುವ ಕ್ರಮವನ್ನು ಬಳಸಿದರು. ಆಹಾರ ಸಿಗದೆ ಹುಳುಕು ಮುಂದುವರಿಯುವುದಿಲ್ಲ. ಮೊದಮೊದಲು ಕಚ್ಚುವಾಗ ಎತ್ತರವೆನಿಸಿದರೂ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಇವೆಲ್ಲ ನರ ಆರೋಗ್ಯವಾಗಿರುವಾಗಿನ ಮಾತು. ತಿನ್ನುವಾಗ ನೋವು ಬಂದು ತಕ್ಷಣ ಹೋದರೆ ಒಂದು ಲೆಕ್ಕ. ರಾತ್ರಿ ಎಬ್ಬಿಸಿ ಅಳಿಸುವ ನೋವಾದರೆ, ವಸಡಿನಲ್ಲಿ ಕೀವಿನ ಗುಳ್ಳೆ ಕಂಡರೆ ಬೇರೆಯೇ. ಎಕ್ಸ್-ರೇ ನೋಡಿ, ಮೇಲ್ಭಾಗದ ನರವನ್ನಷ್ಟೇ ತೆಗೆಯುವುದೋ ಬೇರಿನವರೆಗೂ ಶುಚಿ ಮಾಡುವುದೋ ಹಲ್ಲನ್ನೇ ಕೀಳುವುದೋ ಎಂದು ನಿರ್ಧರಿಸಬೇಕು. ಮುಖ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು.

“ಹೇಗೂ ಬಿದ್ದುಹೋಗೋ ಹಲ್ಲು, ಕಿತ್ತುಬಿಡಿ ಡಾಕ್ಟ್ರೇ” ಎಂಬ ಮಾತು ವೈದ್ಯರಿಗೆ ಹೊಸದಲ್ಲ. ಹತ್ತು ವರ್ಷದ ಮಗುವಿನ ಅಲುಗಾಡುವ ಹಲ್ಲಿಗೆ ಅದು ಸರಿಯೇ. ಆದರೆ ಐದು ವರ್ಷದ ಮಗುವಿನ ಎರಡನೇ ಹಾಲು ದವಡೆ ಹಲ್ಲು ಇನ್ನೂ ಐದಾರು ವರ್ಷ ಅಗಿಯಬೇಕು. ಅದು ಹೋದರೆ ಹಿಂದೆ ಬರುವ ಕಾಯಂ ದವಡೆ ಹಲ್ಲು ಮುಂದಕ್ಕೆ ವಾಲಿ, ಅದರ ಬದಲಿಗೆ ಹುಟ್ಟಬೇಕಾದ ಹಲ್ಲಿಗೆ ಜಾಗ ಉಳಿಯದು. ಕೀಳಲೇಬೇಕಾದಾಗ ಜಾಗ ಕಾಯುವ ತಂತಿ ಕೂರಿಸುವುದು ಅದಕ್ಕಾಗಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಹಲ್ಲಿನ ತೊಂದರೆಯನ್ನೂ ಗುರುತಿಸಬೇಕು. ತೀರಾ ಹೆದರುವ, ಬಾಯಿ ತುಂಬ ಹುಳುಕಿರುವ ಮಗುವನ್ನು ಚಿತ್ರದುರ್ಗದ ಎಸ್.ಜೆ.ಎಂ. ಅಥವಾ ದಾವಣಗೆರೆಯ ಬಾಪೂಜಿ ದಂತ ಕಾಲೇಜಿನಂಥ ಕಡೆಯ ಮಕ್ಕಳ ದಂತವೈದ್ಯ ತಜ್ಞರಿಗೆ ತೋರಿಸುವುದು ಒಳ್ಳೆಯದು. ಕೂಲಿ ಬಿಟ್ಟು ಬಸ್ಸಿಗೆ ಬರುವ ತಾಯಿಗೆ ನಾಲ್ಕು ಭೇಟಿಯ ಚಿಕಿತ್ಸೆಗಿಂತ ಒಂದೇ ಭೇಟಿಯ ಕ್ಯಾಪ್ ಹೆಚ್ಚು ಉಪಕಾರಿ. ಇದು ಕಡಿಮೆ ದರ್ಜೆಯ ಆಯ್ಕೆಯಲ್ಲ.

ಆರು ವರ್ಷಕ್ಕೆ ಹುಟ್ಟುವ ಮೊದಲ ಕಾಯಂ ದವಡೆ ಹಲ್ಲಿನ ಆಳವಾದ ಗೀರುಗಳನ್ನು ರಾಳದ ಸೀಲೆಂಟ್‌ನಿಂದ ಮುಚ್ಚಿಸಬಹುದು. ಫ್ಲೋರೋಸಿಸ್ ತೀವ್ರವಾಗಿದ್ದರೆ ಮುಚ್ಚುವ ಮೊದಲು ಹಚ್ಚುವ ಆಮ್ಲಕ್ಕೆ ಎನಾಮಲ್ ಸುಲಭವಾಗಿ ಬಗ್ಗುವುದಿಲ್ಲ. ಸೀಲೆಂಟ್ ಹಿಡಿಯುವಂತೆ ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕಾಗಬಹುದು.