ಸಾವಿನ ಲೆಕ್ಕ, ಸಾಲದ ಲೆಕ್ಕ

ಸಾಂಕ್ರಾಮಿಕ ರೋಗಗಳ ಚರಿತ್ರೆ ಬರೆಯುವವರು ಹೆಣಗಳನ್ನು ಎಣಿಸುತ್ತಾರೆ. ಎಷ್ಟು ಜನ ಸತ್ತರು, ಯಾವ ತಿಂಗಳು ಸತ್ತರು ಎಂಬುದು ಸರ್ಕಾರದ ದಫ್ತರದಲ್ಲಿ ಸಿಗುತ್ತದೆ. ಆದರೆ ಕಾಯಿಲೆ ಬಿದ್ದ ಒಬ್ಬನನ್ನು ಉಳಿಸಿಕೊಳ್ಳಲು ಒಂದು ಮನೆ ಏನೇನು ಮಾರಿತು, ಯಾರ ಮುಂದೆ ಎಷ್ಟು ಬಡ್ಡಿಗೆ ಕೈಯೊಡ್ಡಿತು ಎಂಬುದು ಯಾವ ದಫ್ತರದಲ್ಲೂ ಇಲ್ಲ. ನಮ್ಮ ಜನರ ಚರಿತ್ರೆ ಇರುವುದು ಅಲ್ಲಿ.

2021ರ ಮೇ ತಿಂಗಳು, ಕೊರೋನಾದ ಎರಡನೇ ಅಲೆ. ನಮ್ಮ ಕೇರಿಯ ಕೂಲಿಯವನೊಬ್ಬ ಉಸಿರು ಕಟ್ಟಿದ ತಮ್ಮನನ್ನು ಆಟೋದಲ್ಲಿ ಮಲಗಿಸಿಕೊಂಡು ಪಟ್ಟಣದ ಖಾಸಗಿ ಆಸ್ಪತ್ರೆಯೊಂದರ ಬಾಗಿಲಲ್ಲಿ ನಿಂತಿದ್ದ. ನಾವೂ ಜೊತೆಗಿದ್ದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದು ಕಳಿಸಿದ್ದರು.

"ಬುದ್ದೀ, ಎಲ್ಡು ಕುರಿ ಮಾರಿವ್ನಿ. ಹದಿನೆಂಟು ಸಾವ್ರ ಅದೆ. ಮೊದ್ಲು ಒಳೀಕ್ ತಕ್ಕಳಿ" ಅಂದ.

ಗಾಜಿನ ಹಿಂದೆ ಕೂತವನು "ಅಡ್ವಾನ್ಸ್ ಒಂದು ಲಕ್ಷ ಕಟ್ಟಿ, ಆಮೇಲೆ ಹಾಸಿಗೆ" ಅಂದ. ಅವನೂ ತಿಂಗಳ ಸಂಬಳದವನೇ. ಆ ಮಾತನ್ನು ಅವನ ಬಾಯಲ್ಲಿ ಆಡಿಸಿದ್ದು ಯಾವುದು ಅಂತ ನಾವು ಕೇಳಬೇಕಾಗಿದೆ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಮರುವರ್ಷವೇ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. ಅದರ ಬಲದಲ್ಲಿ ಮನೆಗಳಿಗೆ ನುಗ್ಗಿದರು, ಜನರನ್ನು ಎಳೆದೊಯ್ದು ಬೇರೆ ಇಟ್ಟರು, ಹಾಸಿಗೆ ಬಟ್ಟೆ ಸುಟ್ಟರು. ನಾಲ್ಕೇ ಕಲಮುಗಳ ಆ ಕಾಯ್ದೆಯಲ್ಲಿ ಅಧಿಕಾರಿಯ ಕೈಗೆ ಬೇಕಾದ ಬಲವಿತ್ತು. ರೋಗಿಗೆ ಚಿಕಿತ್ಸೆಯ ಹಕ್ಕಿದೆ ಎಂಬ ಒಂದು ಮಾತೂ ಇರಲಿಲ್ಲ. ಆಗ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ, ಡಾಕ್ಟರಾಗಿದ್ದ ಮಗ ಯಶವಂತನ ಜೊತೆ ಊರ ಹೊರಗೆ ರೋಗಿಗಳ ಆರೈಕೆಗೆ ನಿಂತರು. ಮಹಾರ್ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಸರ್ಕಾರ ಮಾಡಬೇಕಾದ ಕೆಲಸಕ್ಕೆ ಒಬ್ಬ ತಾಯಿ ತನ್ನ ಜೀವ ಕೊಟ್ಟಳು.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಉಳ್ಳವರಿಗೆ ಮಲ್ಲೇಶ್ವರ, ಬಸವನಗುಡಿಯಂಥ ಗಾಳಿ ಬೆಳಕಿನ ಬಡಾವಣೆಗಳಿದ್ದವು. ಇಲ್ಲದವರಿಗೆ ಊರಾಚೆಯ ಶೆಡ್ಡು. ಹಳ್ಳಿಗಳಲ್ಲಿ ಇಲಿ ಬಿದ್ದ ಕೂಡಲೇ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಹೊಲವೇ ಇಲ್ಲದವನು ಯಾರ ಹೊಲದಲ್ಲಿ ಗುಡಿಸಲು ಹಾಕಬೇಕು? ಆ ಕಾಲದ ಬಡವನ ಕೈಗೆ ಯಾರೂ ಬಿಲ್ಲು ಕೊಡಲಿಲ್ಲ ನಿಜ. ಅವನು ತೆತ್ತದ್ದು ಸುಟ್ಟುಹೋದ ಚಾಪೆಯಲ್ಲಿ, ತಪ್ಪಿಹೋದ ಕೂಲಿಯಲ್ಲಿ, ಮಾರಮ್ಮನ ಹರಕೆಯ ಸಾಲದಲ್ಲಿ.

1897ರಲ್ಲಿ ಅಡಿಗಲ್ಲು ಹಾಕಿದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಇಂಥ ಆಸ್ಪತ್ರೆಗಳಿಗೆ ನಮ್ಮ ಜನ ಇಟ್ಟ ಹೆಸರು ಧರ್ಮಾಸ್ಪತ್ರೆ. ಧರ್ಮಕ್ಕೆ ಅಂದರೆ ಪುಕ್ಕಟೆ. ಆದರೆ ಯಾರ ಧರ್ಮ? ರೈತ ಕಟ್ಟಿದ ಕಂದಾಯದ ದುಡ್ಡು, ಕೂಲಿಯವನು ಹೊತ್ತ ಕಲ್ಲು. ನಮ್ಮದೇ ದುಡ್ಡಿನ ಆಸ್ಪತ್ರೆಗೆ ನಾವೇ ಧರ್ಮದ ಹೆಸರಿಟ್ಟು ಕೈಮುಗಿದು ಒಳಗೆ ಹೋದೆವು. ಹಕ್ಕು ಅಂತ ಹೋಗಿದ್ದರೆ ಅದನ್ನು ಅಷ್ಟು ಸುಲಭವಾಗಿ ಸೊರಗಿಸಲು ಆಗುತ್ತಿರಲಿಲ್ಲ.

ಹಕ್ಕಿನ ಮಾತು ಬಂದದ್ದು 1946ರಲ್ಲಿ. ಕೈಯಲ್ಲಿ ಕಾಸಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ ವರದಿ ಕೊಟ್ಟಿತು. ಸ್ವಾತಂತ್ರ್ಯ ಬಂತು, ವರದಿ ಬೀರುವಿನಲ್ಲಿ ಉಳಿಯಿತು. ನಮ್ಮ ರಾಜ್ಯದಲ್ಲಿ ಬೆಳೆದದ್ದು ಕ್ಯಾಪಿಟೇಶನ್ ಕಾಲೇಜುಗಳು. 1984ರಲ್ಲಿ ಆ ವಂತಿಗೆಯನ್ನು ನಿಷೇಧಿಸಲು ಕಾಯ್ದೆಯನ್ನೇ ಮಾಡಬೇಕಾಯಿತು. ಲಕ್ಷ ಸುರಿದು ಕಲಿತವನು ಅದನ್ನು ಎಲ್ಲಿಂದ ವಸೂಲು ಮಾಡುತ್ತಾನೆ? ರೋಗಿಯಿಂದ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಮಸೂದೆಯನ್ನು ರಾಜ್ಯ ಸರ್ಕಾರ ತಂದಿತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಸರ್ಕಾರ ಮಣಿಯಿತು. ಕೊನೆಗೆ ಸರ್ಕಾರದ ಯೋಜನೆಯಲ್ಲಿ ಬರುವ ರೋಗಿಗಳಿಗೆ ಮಾತ್ರ ದರ ನಿಗದಿ ಉಳಿಯಿತು. ಕೈಯಿಂದ ದುಡ್ಡು ಕಟ್ಟುವವನನ್ನು ಮಾರುಕಟ್ಟೆಗೆ ಬಿಟ್ಟರು.

ಅದಾಗಿ ಮೂರು ವರ್ಷ ತುಂಬುವ ಮೊದಲೇ ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಸರ್ಕಾರ ಮೊದಲು ಕೈಗೆತ್ತಿಕೊಂಡದ್ದು ಅದೇ 1897ರ ಕಾಯ್ದೆಯನ್ನು. ಜೂನ್‌ನಲ್ಲಿ ದರಪಟ್ಟಿ ಬಂತು. ಸರ್ಕಾರವೇ ಕಳಿಸುವ ರೋಗಿಗಳಿಗೆ ಖಾಸಗಿಯಲ್ಲಿ ಅರ್ಧ ಹಾಸಿಗೆ ಮೀಸಲು, ಅವರ ಖರ್ಚು ಸರ್ಕಾರದ್ದು. ತಾನಾಗಿ ಹೋಗಿ ದುಡ್ಡು ಕಟ್ಟುವವನಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 10,000 ರೂಪಾಯಿ, ಐಸಿಯುವಿನಲ್ಲಿ 15,000, ವೆಂಟಿಲೇಟರ್ ಹಾಕಿದರೆ 25,000. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಮೇಷ್ಟ್ರುಗಳು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಮಾಡಿಸಲಿ: ವೆಂಟಿಲೇಟರಿನ ಒಂದು ದಿನಕ್ಕೆ 91 ದಿನದ ಕೂಲಿ. ಕಾಯ್ದೆ ಒಂದು ಮನೆಗೆ ವರ್ಷಕ್ಕೆ ಖಾತ್ರಿ ಕೊಟ್ಟಿದ್ದೇ 100 ದಿನ. ಇದು ಸುಲಿಗೆಯ ದರವಲ್ಲ, ಸುಲಿಗೆ ತಡೆಯಲು ಸರ್ಕಾರ ಕಟ್ಟಿದ ದರ!

2021ರಲ್ಲಿ ಮೀಸಲು ಹಾಸಿಗೆಗೆ ಫೋನು ಮಾಡಿ ಮಾಡಿ ಜನ ಸತ್ತರು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2ರಿಂದ 3ರ ನಡುವೆ 24 ರೋಗಿಗಳು ಸತ್ತರು. ಅಂದು ಅಲ್ಲಿ ಆಮ್ಲಜನಕ ಬರಿದಾಗಿತ್ತು. ಧರ್ಮಾಸ್ಪತ್ರೆಗೆ ಹೋದವನಿಗೆ ಗಾಳಿಯಿಲ್ಲ, ದರಪಟ್ಟಿಯ ಆಸ್ಪತ್ರೆಗೆ ಹೋದವನಿಗೆ ಮನೆಯಿಲ್ಲ. ಸತ್ತವರ ಮನೆಗೆ 50,000 ರೂಪಾಯಿ ಪರಿಹಾರ ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿತು. ವೆಂಟಿಲೇಟರಿನ ಎರಡು ದಿನದ ಬೆಲೆ.

ನಮ್ಮ ಕೇರಿಯ ಆ ಕೂಲಿಯವನ ತಮ್ಮ ಬದುಕಿ ಬಂದ. ಅದಕ್ಕೆ ಅವನು ಮಾಡಿದ್ದೇನು ಗೊತ್ತೆ? ಅಪ್ಪನಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದ ಒಂದು ಎಕರೆಯನ್ನು ಊರಿನ ಉಳ್ಳವರೊಬ್ಬರಿಗೆ ಬಾಯಿಮಾತಿನ ಭೋಗ್ಯಕ್ಕೆ ಹಾಕಿದ. ದಲಿತರಿಗೆ ಮಂಜೂರಾದ ಜಮೀನು ಕೈ ಬದಲಾಗದಂತೆ ಕಾಯಲು 1978ರ ಕಾಯ್ದೆ ಇದೆ. ಬಾಯಿಮಾತನ್ನು ಯಾವ ಕಾಯ್ದೆ ಹಿಡಿಯುತ್ತದೆ? ಈಗ ಅಣ್ಣತಮ್ಮ ಇಬ್ಬರೂ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. "ಜೀವ ಉಳೀತಲ್ಲ ಬುಡಿ" ಅನ್ನುತ್ತಾನೆ. ತಮ್ಮ ಸಾಯಲಿಲ್ಲ, ಆದ್ದರಿಂದ ಸಾವಿನ ಪಟ್ಟಿಯಲ್ಲಿ ಈ ಮನೆ ಇಲ್ಲ. ಪರಿಹಾರದ ಪಟ್ಟಿಯಲ್ಲಿ ಇಲ್ಲ. ಪಹಣಿಯಲ್ಲಿ ಅಪ್ಪನ ಹೆಸರೇ ಇದೆ, ಆದ್ದರಿಂದ ಜಮೀನು ಕಳಕೊಂಡವರ ಪಟ್ಟಿಯಲ್ಲೂ ಇಲ್ಲ.

ಆಸ್ಪತ್ರೆ ಧರ್ಮವಲ್ಲ, ಹಕ್ಕು. ಅದನ್ನು ಕೇಳಬೇಕಾದರೆ ನಮ್ಮ ಕೈಯಲ್ಲಿ ಲೆಕ್ಕವಿರಬೇಕು. ಗೆಳೆಯರೇ, ಒಂದು ನೋಟುಬುಕ್ಕು ಹಿಡಿದು ನಿಮ್ಮ ನಿಮ್ಮ ಕೇರಿಗೆ ಹೋಗಿ. ಆ ಎರಡು ವರ್ಷ ಯಾವ ಮನೆ ಏನು ಮಾರಿತು, ಯಾರಿಗೆ ಬರೆದುಕೊಟ್ಟಿತು, ಇನ್ನೂ ಎಷ್ಟು ಬಡ್ಡಿ ಕಟ್ಟುತ್ತಿದೆ, ಬರೆದುಕೊಳ್ಳಿ. ಪ್ಲೇಗಿನ ಕಾಲದ ನಮ್ಮ ಅಜ್ಜಂದಿರ ಸಾಲವನ್ನು ಬರೆದಿಡುವವರು ಇರಲಿಲ್ಲ. ಈಗ ನಮ್ಮಲ್ಲಿ ಅಕ್ಷರ ಬಲ್ಲವರಿದ್ದೇವೆ.